ಸಮುದ್ರ ಕಾಣದ ಹಮಾಲಿ ಮೇಸ್ತ್ರಿ

ಎಪ್ಪತ್ತರ ದಶಕದಲ್ಲಿ ನಾನು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಅಕ್ಕಿ ಲಾರಿಯಲ್ಲಿ ಕರಾವಳಿಯ ಸಣ್ಣ ಬಂದರೊಂದಕ್ಕೆ ಹೋಗಿ, ಅಲ್ಲಿಂದ ಮರದ ಹಡಗಿನಲ್ಲಿ ದ್ವೀಪವೊಂದನ್ನು ಸೇರುತ್ತಿತ್ತು. ನೀರು ಏರುವ ಉಬ್ಬರದ ಹೊತ್ತಿಗೇ ಹಡಗು ಹೊರಡಬೇಕು. ಚೀಲ ಏರಿಸುವುದು ಮುಗಿಯದೆ ಪ್ರತಿ ಸಲವೂ ಎರಡು ಮೂರು ದಿನ ಹಾಳಾಗುತ್ತಿತ್ತು. ನಾನು ಸಮುದ್ರವನ್ನು ಬೈದುಕೊಂಡು ಊರಿಗೆ ಮರಳುತ್ತಿದ್ದೆ.

ಒಂದು ವರ್ಷ ಮಳೆಗಾಲ ಇನ್ನೇನು ಹಿಡಿಯುವಂತಿತ್ತು; ಹಿಡಿದರೆ ಮರದ ಹಡಗುಗಳು ಓಡುವುದಿಲ್ಲ. ನಾವು ಬಂದರು ಮುಟ್ಟಿದ ದಿನ ಸಂಜೆಯ ಉಬ್ಬರ ತಪ್ಪಿದರೆ ಆ ಕೊನೆಯ ಹಡಗು ಹೋಗುವಂತಿರಲಿಲ್ಲ, ದ್ವೀಪದವರಿಗೆ ಮಳೆ ಮುಗಿಯುವವರೆಗೂ ಅಕ್ಕಿ ಇಲ್ಲ. ಮಾಲೀಕರು ಗಿರಣಿಯ ಹಮಾಲಿ ಮೇಸ್ತ್ರಿಯನ್ನೂ ಅವರ ಆರು ಜನರನ್ನೂ ನನ್ನ ಜೊತೆ ಕಳಿಸಿದ್ದರು. ನಮ್ಮೂರ ಬಳಿಯ ಕೆಂಚನಗುಡ್ಡದ ಹೊಳೆ ಬಿಟ್ಟರೆ ಬೇರೆ ದೊಡ್ಡ ನೀರು ಕಾಣದ ಇವರು ಬಂದರಿನಲ್ಲಿ ಏನು ಕಡಿದು ಕಟ್ಟೆ ಹಾಕುತ್ತಾರೆ ಎಂದು ಒಳಗೊಳಗೇ ನಕ್ಕೆ.

ಮೇಸ್ತ್ರಿ ಮೊದಲು ಅಲ್ಲಿನ ಕೆಲಸ ನೋಡಿದರು. ಚೀಲಗಳು ಲಾರಿಯಿಂದ ಶೆಡ್ಡಿಗೆ, ಶೆಡ್ಡಿನಿಂದ ಹಡಗು ನಿಲ್ಲುವ ದಕ್ಕೆಗೆ, ದಕ್ಕೆಯಿಂದ ಹಡಗಿಗೆ ಹೋಗುತ್ತಿದ್ದವು. ಹಡಗಿಗೆ ಹತ್ತಲು ಇದ್ದದ್ದು ಒಂದೇ ಹಲಗೆ. ಹೋಗುವವರು ಬರುವವರಿಗಾಗಿ ಕಾಯಬೇಕಿತ್ತು.

"ಒಂದ್ ಚೀಲಾನ ಇಷ್ಟು ಸರ್ತಿ ಯಾಕ್ ನೆಲಕ್ಕಿಡ್ತಾರ್ರೀ?" ಎಂದು ನನ್ನನ್ನು ಕೇಳಿದರು.

"ಇಲ್ಲಿ ಮೊದ್ಲಿಂದ ಹಂಗೇ ನಡದೈತಿ," ಎಂದೆ.

"ಹೆಗಲಿಗೇರಿದ ಚೀಲ ತನ್ನ ಜಾಗದಾಗ ಇಳೀಬೇಕ್ರಿ. ನಡುವ ನೆಲ ಮುಟ್ಟಿದ್ರ ನಮ್ಮ ಗಿರಣ್ಯಾಗ ನಗ್ತಾರ."

ಲಾರಿಯನ್ನೇ ದಕ್ಕೆಯ ಅಂಚಿಗೆ ತರಿಸಿದರು. ಹೊತ್ತು ಹೋಗಲು ಒಂದು, ಬರಿಗೈಯಲ್ಲಿ ಬರಲು ಒಂದು, ಹೀಗೆ ಎರಡು ಹಲಗೆ ಹಾಕಿಸಿದರು. ಬಂದರಿನ ಹಮಾಲಿಗಳೂ ಹುರುಪಿನಿಂದ ಕೈಜೋಡಿಸಿದರು. ಮಧ್ಯಾಹ್ನದೊಳಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು.

ಆಗ ಎಡವಟ್ಟಾಯಿತು. ಗಿರಣಿಯಲ್ಲಿ ಲಾರಿಗೆ ಕಟ್ಟುವ ಹಾಗೆ ಅಲ್ಲಿನವರನ್ನು ಕೇಳದೆ ಹಲಗೆಯ ಎರಡೂ ತುದಿಗಳನ್ನು ಬಿಗಿದಿದ್ದೆವು. ನೀರು ಏರಿದಂತೆ ಹಡಗೂ ಏರುತ್ತದೆ ಎಂಬುದು ಬಯಲುಸೀಮೆಯ ಅವರಿಗಿರಲಿ, ಇಷ್ಟು ಸಲ ಬಂದಿದ್ದ ನನಗೂ ಹೊಳೆಯಲೇ ಇಲ್ಲ. ಹಗ್ಗ ಹರಿಯಿತು, ನಮ್ಮವನೊಬ್ಬ ಚೀಲದ ಸಮೇತ ನೀರಿಗೆ ಬಿದ್ದ. ಹಡಗಿನವರು ಅವನನ್ನು ಎಳೆದುಕೊಂಡರು, ಚೀಲ ಮುಳುಗಿತು.

ಮೇಸ್ತ್ರಿ ಎಲ್ಲರೆದುರು ಹಡಗಿನ ಯಜಮಾನನಿಗೆ ಕೈ ಮುಗಿದರು. "ತಪ್ಪು ನಂದ್ರಿ. ನಿಮ್ಮ ನೀರಿನ ರೀತಿ ನನಗ ಗೊತ್ತಿಲ್ಲ, ಹೇಳಿಕೊಡ್ರಿ." ಆತ ದಕ್ಕೆಯ ಕಡೆಯ ತುದಿಯನ್ನು ಕಟ್ಟದೆ, ಹಡಗು ಏರಿದಂತೆ ಜಾರಲು ಬಿಡಿಸಿದ. ಕೆಲಸ ಮತ್ತೆ ಓಟ ಹಿಡಿಯಿತು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ.

ಹಡಗು ಉಬ್ಬರಕ್ಕೆ ಸರಿಯಾಗಿ ಹೊರಟಿತು. ನಾನು ಕುಣಿಯುವುದೊಂದು ಬಾಕಿ. ಮೇಸ್ತ್ರಿ ಮಾತ್ರ ಮಂಕಾಗಿ ನೀರು ನೋಡುತ್ತಿದ್ದರು.

"ಯಾವುದೋ ಒಂದು ಮನಿ ಉಣ್ಣಾದು ನೀರಿಗೆ ಹಾಕಿದ್ನಲ್ರೀ," ಎಂದರು.

ಎಷ್ಟೋ ಹಡಗುಗಳನ್ನು ದಿನಗಟ್ಟಲೆ ನಿಲ್ಲಿಸಿದ್ದ ನಾನು, ಆ ಅಕ್ಕಿ ಉಣ್ಣುವವರು ಯಾರೆಂದು ಅಂದಿನವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.