ಚಪ್ಪರ ಏರಿದ ಕಡಲಗಿಡ

ನಮ್ಮ ಸೀಮೆಯಲ್ಲಿ ಗಿಡಮರಗಳ ಮಾತು ಬಂದರೆ ಮೊದಲು ನೆನಪಾಗುವವರು ಊರಿಗಾಂನ ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕಿ ಶ್ರೀಮತಿ ವನಿತಾ ಅವರು. ಅವರ ನಿವೃತ್ತಿಯ ಈ ಸಂಪುಟಕ್ಕೆ ವಿದ್ವಾಂಸರು ಬರೆದಿದ್ದಾರೆ. ಅವರ ತೋಟಕ್ಕೆ ನೀರು ಹಾಕುತ್ತ, ಅವರೇ ನಡೆಸಿದ ರಾತ್ರಿಶಾಲೆಯಲ್ಲಿ ಐವತ್ತು ದಾಟಿದ ಮೇಲೆ ಅಕ್ಷರ ತಿದ್ದಿದ ನನಗೂ ಒಂದು ಪುಟ ಕೊಟ್ಟಿರುವುದು ನನ್ನ ಭಾಗ್ಯ.

ಮೇಡಂ ಕಡಲದಂಡೆಯ ಊರಿನವರು. ಅಲ್ಲಿನ ಮರಳದಿಣ್ಣೆಯ ಮೇಲೆ ವರ್ಷವಿಡೀ ಹಸಿರಾಗಿರುವ ಒಂದು ಅಪರೂಪದ ಪೊದೆಗಿಡವಿತ್ತು. ರಸ್ತೆಗೆಂದು ದಿಣ್ಣೆ ಅಗೆದಾಗ ಮೇಡಂ ಅದರ ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ಬಂಗಾರಪೇಟೆಗೆ ತಂದಿಳಿಸಿ, ತಮ್ಮ ತೋಟದಲ್ಲಿ ನೆಟ್ಟರು. ನಮ್ಮ ಬಿಸಿಲಿಗೆ ಒಂದೊಂದೇ ಹೋಗಿ, ಕೊನೆಗೆ ಒಂದು ಉಳಿಯಿತು. ನಾವು ಅದನ್ನು ಕಡಲಗಿಡ ಎಂದೆವು. ನಾನು ಬರೆಯಲು ಕಲಿತಾಗ ‘ಮುಟ್ಟಬೇಡಿ’ ಎಂಬ ಹಲಗೆಯನ್ನು ಮೇಡಂ ನನ್ನ ಕೈಯಿಂದಲೇ ಬರೆಸಿ ಅದರ ಮುಂದೆ ನೆಡಿಸಿದರು. ಬೀಜ ಮೊಳೆಯಲಿಲ್ಲ. ಕಡ್ಡಿ ಕತ್ತರಿಸಿ ನೆಟ್ಟರೆ ಬೇರು ಬಿಟ್ಟೀತು ಎಂದು ಗೊತ್ತಿದ್ದರೂ, ಉಳಿದ ಒಂದಕ್ಕೆ ಕತ್ತಿ ತಾಗಿಸಲು ಅವರಿಗೆ ಮನಸ್ಸೇ ಬರಲಿಲ್ಲ.

ಹೀಗಿರುವಾಗ ನನ್ನ ಮೊಮ್ಮಗಳು ಬಿಂದುಶ್ರೀಯ ಮದುವೆ ಬಂತು. ಚಪ್ಪರಕ್ಕೆ ಸೊಪ್ಪು ತರಲು ಪಕ್ಕದ ಮನೆಯ ಆರುಮುಗಂ ಹೋಗಿದ್ದ. ಮದುವೆಗೆ ಬಂದ ಮೇಡಂ ಚಪ್ಪರದ ಕೆಳಗೇ ನಿಂತುಬಿಟ್ಟರು. ತಲೆಯ ಮೇಲೆಲ್ಲ ಕಡಲಗಿಡದ ಕೊಂಬೆಗಳು.

“ಹೊಂಗೆ ಸೊಪ್ಪು ಬಿಸಿಲಿಗೆ ವಾಡೋಗ್ತದೆ ಮೇಡಂ. ಇದು ನೋಡಿ, ಎಣ್ಣೆ ಅಚ್ಚಿದಂಗೈತೆ,” ಎಂದ ಆರುಮುಗಂ, ಹೊಗಳಿಕೆಗೆ ಕಾಯುತ್ತ.

“ಅಲ್ಲಿ ಹಲಗೆ ಐತಲ್ಲೋ, ಓದಲಿಲ್ವಾ?” ಎಂದೆ.

“ನಂಗೆ ತಮಿಳು ಮಾತ್ರ ಓದಕ್ಕೆ ಬರೋದು ಅಕ್ಕಾ.”

ಕಟ್ಟಿದ ಹಸಿರನ್ನು ಮುಹೂರ್ತಕ್ಕೆ ಮುಂಚೆ ಬಿಚ್ಚುವುದು ನಮ್ಮಲ್ಲಿ ಅಪಶಕುನ. ಹಾಗೇ ಬಿಟ್ಟರೆ ಕೊಂಬೆಗಳು ಒಣಗಿ, ನೆಡಲು ಒಂದು ಕಡ್ಡಿಯೂ ಸಿಗದು. ಮೇಡಂ “ಬಿಚ್ಚೋದು ಬೇಡ ಮುನಿನಾರಾಯಣಮ್ಮ. ತಾಳಿ ಕಟ್ಟಲಿ. ಒಂದು ಚೊಂಬು ನೀರು ಕೊಡಿ,” ಎಂದರು. ಆಮೇಲೆ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಕುರ್ಚಿ ಹತ್ತಿ, ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಇದ್ದರು.

ಗಂಡಿನ ಅಜ್ಜಿ, ಕ್ಯಾಸಂಬಳ್ಳಿಯ ಮುತ್ಯಾಲಮ್ಮ ತಲೆ ಒರೆಸಿಕೊಂಡರು. “ಏನಮ್ಮೋ, ನಮ್ ಮ್ಯಾಲೂ ಉಯ್ತಾ ಇದೀಯ. ಪನ್ನೀರಾದ್ರೂ ಆಕ್ಬಾರ್ದಾ?”

“ಸೊಪ್ಪಿಗೆ ಬಾಯಾರಿದೆ ಅಮ್ಮ.”

“ನಮ್ಗೂ ಬಾಯಾರೈತೆ. ಪಾನಕ ಯಾವಾಗ?”

ಸಂಗತಿ ತಿಳಿದ ಮೇಲೆ ಅದೇ ಮುತ್ಯಾಲಮ್ಮ, ತಾಳಿ ಕಟ್ಟಿದ ಕೂಡಲೇ ಮೊದಲ ಕೊಂಬೆಯನ್ನು ತಾವೇ ಇಳಿಸಿಕೊಟ್ಟರು. ಬಿಂದುಶ್ರೀ ಅರಿಶಿನದ ಕೈಯಲ್ಲೇ ತೋಟಕ್ಕೆ ಬಂದು ಮರಳಿನಲ್ಲಿ ಕಡ್ಡಿ ನೆಟ್ಟಳು. ಮೇಡಂ ಗೋಣಿಚೀಲ ನೆನೆಸಿ ಹೊದಿಸುವ ಕೆಲಸವನ್ನು ಆರುಮುಗಂಗೇ ಒಪ್ಪಿಸಿದರು, ಹಲಗೆಯ ಮೇಲೆ ತಮಿಳಿನಲ್ಲೂ ಬರೆಸಿದರು. ಎಷ್ಟೋ ಕಡ್ಡಿಗಳು ಕೊಳೆತವು. ಮಳೆ ಹಿಡಿದಾಗ ಕೆಲವು ಬೇರು ಬಿಟ್ಟವು. ಬೋಳಾಗಿದ್ದ ತಾಯಿಗಿಡವೂ ಚಿಗುರಿತು. ಆ ಕಡ್ಡಿಗಳ ಸಂತತಿ ಇಂದು ಮೇಡಂ ಊರಿನ ಮರಳದಿಣ್ಣೆಯ ಮೇಲೆ ಬೇಲಿಯೊಳಗೆ ಬೆಳೆಯುತ್ತಿದೆ.

ನಿವೃತ್ತಿಯ ನಂತರ ಅವರು ಅಲ್ಲಿಗೇ ಹೋಗಿ ಆ ಗಿಡಗಳ ಜೊತೆಗಿರುತ್ತಾರಂತೆ. ಹೋಗಿಬರಲಿ. ದಿಣ್ಣೆಯೆಲ್ಲ ಹಸಿರಾಗುವುದನ್ನು ಕಣ್ತುಂಬ ನೋಡುವಷ್ಟು ಆಯಸ್ಸನ್ನೂ, ಮಣ್ಣಿನಲ್ಲಿ ಕೈಯಾಡಿಸುವ ಶಕ್ತಿಯನ್ನೂ ದೇವರು ಅವರಿಗೆ ಕೊಡಲಿ. ಬಿಂದುಶ್ರೀಯ ಮಗಳು ಈಗಿನ್ನೂ ಒಂದನೇ ಕ್ಲಾಸು. ಅವಳ ಮದುವೆಗೂ ಮೇಡಂ ಬರಬೇಕು. ಅಂದು ಚಪ್ಪರಕ್ಕೆ ಹೊಂಗೆ ಸೊಪ್ಪನ್ನೇ ಕಟ್ಟುತ್ತೇವೆ. ಅವರು ಚೊಂಬು ಮುಟ್ಟದೆ, ಕುರ್ಚಿಯ ಮೇಲೆ ಸುಮ್ಮನೆ ಕೂತು ಪಾನಕ ಕುಡಿಯಬೇಕು.

ಮುನಿನಾರಾಯಣಮ್ಮ