ಅಕ್ಕನ ಎತ್ತರದ ಸಿಂಕು

ಸಿಂಕಿಗೆ ಹೆದರಿದವರು ಲೋಕದಲ್ಲಿ ಬೇರೆ ಯಾರಾದರೂ ಇದ್ದಾರೋ ಇಲ್ಲವೋ ನನಗೆ ತಿಳಿಯದು. ನಾನಂತೂ ಹೆದರಿದ್ದೇನೆ. ಹಾವಿಗೆ ಹೆದರಿದವಳಲ್ಲ, ಅತ್ತೆಗೂ ಅಷ್ಟೇನೂ ಹೆದರಿದವಳಲ್ಲ. ಪಾತ್ರೆ ತೊಳೆಯುವ ಒಂದು ಬಿಳಿ ತೊಟ್ಟಿಗೆ ಹೆದರಿ, ಅಡುಗೆಮನೆಗೆ ಹೋಗುವ ಮೊದಲು ಸುಮ್ಮನೆ ಕೆಮ್ಮಿದ್ದೇನೆ. ಒಳಗೆ ಯಾರಾದರೂ ಇದ್ದರೆ ನಾನು ಬರುತ್ತಿರುವುದು ಅವರಿಗೆ ಗೊತ್ತಾಗಲಿ ಎಂದು.

ಸಿಂಕು ಅಕ್ಕನದು. ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಗೌರಕ್ಕ. ಸಾಸ್ವೆಹಳ್ಳಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಪಾತ್ರೆ ತೊಳೆಯುವುದು ಅವಳು, ಒರೆಸಿ ಜೋಡಿಸುವುದು ನಾನು. ವಾರಗಿತ್ತಿಯರೆಂದ ಮೇಲೆ ಜಗಳವಾಡುತ್ತಾರೆ ಎಂದು ಊರು ಕಾದಿತ್ತು. ಊರಿಗೆ ನಾವು ನಿರಾಸೆ ಮಾಡಲಿಲ್ಲ, ಆದರೆ ಪಾತ್ರೆ ಮುಗಿಯುವಷ್ಟರಲ್ಲಿ ಜಗಳವೂ ಮುಗಿದಿರುತ್ತಿತ್ತು.

ಒಂದು ದಿನ ಅವಳು ಮೊಬೈಲಿನಲ್ಲಿ ಯಾವುದೋ ತೋಟದ ಮನೆಯ ಅಡುಗೆಮನೆ ನೋಡಿದಳು. ಅಲ್ಲಿನ ಸಿಂಕು ಕಟ್ಟೆಯೊಳಗೆ ಹುದುಗಿರಲಿಲ್ಲ. ಅಗಲವಾಗಿ, ಆಳವಾಗಿ, ಮುಂಭಾಗ ಕಟ್ಟೆಯಿಂದ ಆಚೆ ಬಂದು ನಿಂತಿತ್ತು.

“ನೋಡೇ, ಇದಕ್ಕೆ ಹೊಟ್ಟೆ ಐತೆ. ನಮ್ಮ ಹೊಟ್ಟೆ ಆನಿಸಿ ನಿಂತ್ರೆ ಸೀರೆ ನೆನೆಯಲ್ಲ,” ಎಂದಳು. ಹೊನ್ನಾಳಿಯ ಅಂಗಡಿಯಲ್ಲಿ ಹೇಳಿ ತರಿಸಲು ಏರ್ಪಾಡು ಮಾಡಿದಳು. ಆಮೇಲೆ ಗೋಡೆಯ ಪಕ್ಕ ನಿಂತು, ಮೊಣಕೈ ಮಡಚಿ, ಅದಕ್ಕಿಂತ ತುಸು ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಳು. ಮನೆಯ ಹೆಂಗಸರಲ್ಲಿ ಅವಳೇ ಎತ್ತರ, ನಾನೇ ಗಿಡ್ಡ.

“ಮತ್ತೆ ನನಗೆ?” ಎಂದೆ.

“ನೀನು ಒರೆಸೋಳು. ನಿನಗೆ ಯಾವ ಎತ್ತರ ಆದ್ರೇನು?”

ಸಿಂಕು ಬರುವ ಹೊತ್ತಿಗೆ ಅಕ್ಕ ಇರಲಿಲ್ಲ. ಎದೆ ಹಿಡಿದಂತಾಗುತ್ತಿದೆ ಎಂದು ಕೂತವಳು ಮತ್ತೆ ಏಳಲಿಲ್ಲ. ಪೆಟ್ಟಿಗೆ ಹೊತ್ತು ತಂದವರು ಅದನ್ನು ಪಡಸಾಲೆಯಲ್ಲಿ ಇಳಿಸಿದರು. ಅವರಿಗೇನು ಗೊತ್ತು, ಅಕ್ಕನನ್ನು ಮಲಗಿಸಿದ್ದ ಜಾಗ ಅದೇ ಎಂದು. ಮಾತಾಡಿಸಲು ಬಂದವರು ಆ ಉದ್ದನೆಯ ಪೆಟ್ಟಿಗೆಯ ಸುತ್ತಲೇ ಕೂತು ಅತ್ತರು. ಒಬ್ಬರು ಅದರ ಮೇಲೆ ಕಾಫಿ ಲೋಟ ಇಟ್ಟಾಗ ನಾನು ಓಡಿ ಹೋಗಿ ತೆಗೆದೆ. ಯಾಕೆ ತೆಗೆದೆನೋ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಜೀವ ಹೋದ ಜಾಗದಲ್ಲಿ ಜರಡಿ ಹಿಡಿದ ಬೂದಿ ಹರಡಿ, ಮೇಲೆ ಬಿದಿರ ಪುಟ್ಟಿ ಬೋರಲು ಮುಚ್ಚಿ, ಬೆಳಗ್ಗೆ ತೆರೆದು ಹೆಜ್ಜೆ ಮೂಡಿದೆಯೇ ಎಂದು ನೋಡುವುದು. ಅಕ್ಕನಿಗೂ ಹರಡಿದೆವು. ಬೂದಿ ಹರಡಿದಂತೆಯೇ ಇತ್ತು. “ಶಾಂತವಾಗಿ ಹೋಗ್ಯಾಳೆ” ಎಂದು ಹಿರಿಯರು ಸಮಾಧಾನಪಟ್ಟರು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ಪಕ್ಕದಲ್ಲಿ ನಿಂತವಳಿಗೆ ಒಂದು ಕಾಲುಗುರುತನ್ನೂ ಬಿಡಲಾಗಲಿಲ್ಲವೇ?

ಕೆಲಸಕ್ಕೆ ನ್ಯಾಮತಿ ಕಡೆಯಿಂದ ಹಾಲೇಶಪ್ಪ ಮೇಸ್ತ್ರಿ ಬಂದ. ಮೊದಲು ಕಟ್ಟೆಯ ಕಲ್ಲು ಹಾಸಿ, ಆಮೇಲೆ ತೂತು ಕೊರೆದು ಸಿಂಕು ಇಳಿಸುವುದು ಅವನ ರೂಢಿ. ಈ ಸಿಂಕು ಹಾಗಲ್ಲ. ಇದಕ್ಕೆ ಕೆಳಗಿನಿಂದ ಇಟ್ಟಿಗೆಯ ಆಸರೆ ಬೇಕು, ತುಂಬಿದ ನೀರಿನ ಭಾರವನ್ನು ಅದು ತಾಳಬೇಕು. ಮೊದಲು ಸಿಂಕು ಕೂರಬೇಕು, ಕಲ್ಲು ಆಮೇಲೆ ಬಂದು ಅದರ ಅಂಚಿಗೆ ಸೇರಬೇಕು. ಅಕ್ಕ ಹೇಳುತ್ತಿದ್ದುದನ್ನೇ ನಾನು ಹೇಳಿದೆ. ಹೇಳುವಾಗ ನನ್ನ ದನಿ ಅವಳದೇ ದನಿಯಂತೆ ಕೇಳಿಸಿತು. ಹಾಲೇಶಪ್ಪ ಅಳತೆ ಪಟ್ಟಿ ಬಿಟ್ಟು ಒಮ್ಮೆ ಬಾಗಿಲ ಕಡೆ ನೋಡಿದ.

“ಆತು ಬಿಡ್ರಿ. ಯಾರ ಎತ್ತರಕ್ಕೆ ಕೂರಿಸಾಣ?”

“ಆ ಗೆರೆ ಐತಲ್ಲ, ಅಲ್ಲಿಗೆ.”

ನಮ್ಮ ಯಜಮಾನರು ಒಳಗೆ ಬಂದರು. “ಇನ್ನು ಮುಂದೆ ತೊಳಿಯೋಳು ನೀನು. ಅಷ್ಟು ಎತ್ತರಕ್ಕೆ ಇಟ್ರೆ ಪಾತ್ರೆ ತೊಳಿತೀಯೋ, ಮುಖ ತೊಳಿತೀಯೋ?”

“ಮಣೆ ಮೇಲೆ ನಿಂತು ತೊಳಿತೀನಿ. ನಿಮಗೇನು?” ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ನನ್ನ ಎತ್ತರಕ್ಕೆ ಇಡಿ ಎಂದು ನನ್ನ ಬಾಯಿಂದ ಬಂದರೆ, ಅಕ್ಕ ಇನ್ನು ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತೆ. ಅವಳ ಜಾಗವನ್ನು ನನ್ನ ಕೈಯಾರೆ ಅಳಿಸಿದಂತೆ.

ಒಲೆ ನೆಲದ ಮೇಲಿದ್ದಾಗ ಈ ತಾಪತ್ರಯವೇ ಇರಲಿಲ್ಲ. ಮಣೆ ಹಾಕಿ ಕೂತರೆ ಉದ್ದದವರೂ ಗಿಡ್ಡದವರೂ ಹೆಚ್ಚುಕಡಿಮೆ ಒಂದೇ. ಅಡುಗೆಮನೆಗೆ ಕಟ್ಟೆ ಬಂದ ಮೇಲೆ ಹೆಂಗಸರ ಎತ್ತರ ಬಯಲಾಯಿತು. ಹಿಂದೆ ಮನೆಯನ್ನು ಯಜಮಾನನ ಮೊಳದಲ್ಲಿ ಅಳೆದು ಕಟ್ಟುತ್ತಿದ್ದರಂತೆ. ಅಡುಗೆಮನೆಯನ್ನು ಯಾರ ಮೊಳದಲ್ಲಿ ಅಳೆದರೋ ಯಾರೂ ಹೇಳುವುದಿಲ್ಲ. ಅಲ್ಲಿ ಬಗ್ಗಿದ ಬೆನ್ನು ಯಾರದೋ, ಅಳತೆ ಯಾರದೋ.

ಹಾಲೇಶಪ್ಪ ಗೆರೆಗೆ ಸರಿಯಾಗಿ ಇಟ್ಟಿಗೆ ಪೇರಿಸಿ ಸಿಂಕು ಕೂರಿಸಿದ. “ಇವತ್ತು ಬರೀ ಇಟ್ಟು ನೋಡೀನಿ, ಸಿಮೆಂಟು ನಾಳೆ. ಕಸ ಗುಡಿಸಬ್ಯಾಡ್ರಿ, ಇನ್ನೂ ಕೊಯ್ಯೋದೈತೆ,” ಎಂದು ಹೇಳಿ ಹೋದ. ಕಟ್ಟೆಗೆಂದು ಅಳತೆಗೆ ಕೊಯ್ದ ಕಲ್ಲಿನ ಪುಡಿ ನೆಲದ ತುಂಬ ಬೂದಿಯಂತೆ ಕೂತಿತ್ತು. ಅದರ ನಡುವೆ ಸಿಂಕು ಬೆಳ್ಳಗೆ, ಯಾರನ್ನೋ ಕಾಯುವಂತೆ ಇತ್ತು. ನಾನು ಬಾಗಿಲು ಮುಂದೆ ಮಾಡಿದೆ.

ಬೆಳಗ್ಗೆ ಬಾಗಿಲು ತಳ್ಳಿದರೆ ಸಿಂಕಿನ ಮುಂದೆ ಎರಡು ಕಾಲುಗುರುತು.

ಜೋಡಿ ಪಾದ, ಸಿಂಕಿನ ಕಡೆಗೆ ಮುಖ. ಬಂದ ಗುರುತಿಲ್ಲ, ಹೋದ ಗುರುತಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಹಿಮ್ಮಡಿಯೇ ಇರಲಿಲ್ಲ. ಬರೀ ಬೆರಳು, ಅಂಗಾಲಿನ ಮುಂಭಾಗ. ನಾನು ಹೊಸಿಲಲ್ಲೇ ಕೈಮುಗಿದು ಕೂತೆ. ಆ ಹೆದರಿಕೆಯೊಳಗೇ ಒಂದು ಖುಷಿಯೂ ಇತ್ತು. ಬೂದಿಯಲ್ಲಿ ಮೂಡದವಳು ಇಲ್ಲಿ ಮೂಡಿದ್ದಾಳೆ. ಸಿಂಕು ನೋಡಲು ಬಂದಿದ್ದಾಳೆ.

ಹಾಲೇಶಪ್ಪ ಬರುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಅವನು ಬಗ್ಗಿ ನೋಡಿದ. “ಹಿತ್ತಲ ಬಾಗಿಲ ಸಂದೀಲಿ ಗಾಳಿ ಬರ್ತೈತಲ್ಲ, ಉಳಿದ ಹೆಜ್ಜೆ ಮುಚ್ಚಿರಬೇಕು. ಇದು ಸಿಂಕಿನ ಮರೆಗೆ ಉಳಕಂಡೈತೆ,” ಎಂದ. ಆಮೇಲೆ ನನ್ನ ಕಾಲು ನೋಡಿದ. “ಅಮ್ಮಾರೆ, ಒಂದು ಸಲ ಕಾಲಿಟ್ಟು ನೋಡ್ರಿ.”

“ನಾನು ಬಂದೇ ಇಲ್ಲ!”

“ಇಟ್ಟಾದ್ರೂ ನೋಡ್ರಿ.”

ಇಟ್ಟೆ. ಕಾಲುಂಗುರ ಒತ್ತಿದ ಕಡೆಯ ಸಣ್ಣ ಕುಳಿಯೂ ನನ್ನದೇ. ಗುರುತಿನಲ್ಲಿ ಸರಿಯಾಗಿ ನಿಂತಾಗ ಹಿಮ್ಮಡಿ ತಾನಾಗಿ ಮೇಲೆದ್ದಿತು, ಕೈ ಸಿಂಕಿನ ಅಂಚಿಗೆ ಹೋಯಿತು. ತುದಿಗಾಲಲ್ಲಿ ನಿಂತರೂ ತಳ ಎಟುಕಲಿಲ್ಲ. ನಿದ್ದೆಗಣ್ಣಲ್ಲಿ ಯಾವಾಗ ಎದ್ದು ಬಂದೆನೋ, ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಇವತ್ತಿಗೂ ನೆನಪಿಲ್ಲ. ಅಕ್ಕನಿಗೆ ತುದಿಗಾಲು ಯಾಕೆ ಬೇಕು? ಅಷ್ಟೂ ಹೊಳೆಯದೆ ನನ್ನ ಹೆಜ್ಜೆಗೇ ನಾನು ಕೈಮುಗಿದು ಕೂತಿದ್ದೆ. ನಮ್ಮ ಮನೆಯಲ್ಲಿ ತಿರುಗುತ್ತಿದ್ದುದು ಸತ್ತವಳಲ್ಲ, ಉಳಿದವಳು.

“ಕೆಳಗೆ ಇಳಿಸಪ್ಪ,” ಎಂದೆ.

“ಎಷ್ಟಕ್ಕೆ?”

ಗೋಡೆಗೆ ನಿಂತು ಮೊಣಕೈ ಮಡಚಿದೆ. ಅವನು ಗುರುತು ಮಾಡಿಕೊಂಡ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಒಂದೂ ತಮಾಷೆ ಮಾಡಲಿಲ್ಲ.

ಈಗ ನಾನೇ ತೊಳೆಯುತ್ತೇನೆ. ಭುಜ ನೋಯುವುದಿಲ್ಲ, ಸೀರೆ ನೆನೆಯುವುದಿಲ್ಲ. ತೊಳೆದ ಪಾತ್ರೆಗಳನ್ನು ಮಾತ್ರ ಬೋರಲು ಹಾಕಿ, ತಾನಾಗಿ ಆರಲಿ ಎಂದು ಬಿಡುತ್ತೇನೆ. ಎರಡು ಕೆಲಸ ಒಬ್ಬಳಿಗೆ ಆಗುವುದಿಲ್ಲ ಎನ್ನುವುದು ನೆಪ. ಸಿಂಕಿನ ಮುಂದೆ ನಿಲ್ಲುವಾಗ ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತೇನೆ ಎಂದು ಮೊನ್ನೆ ಗೊತ್ತಾಯಿತು. ಇನ್ನೊಬ್ಬರಿಗೆ ಆಗುವಷ್ಟು ಜಾಗ ಖಾಲಿ ಉಳಿಯುತ್ತದೆ, ಆ ಕಡೆಯಿಂದ ತುಸು ತಣ್ಣನೆಯ ಗಾಳಿಯೂ ಬರುತ್ತದೆ. ಗುರುತು ನನ್ನದೇ ಎಂದು ಗೊತ್ತಾದ ಮೇಲೂ ಒಳಗೆ ಹೋಗುವ ಮೊದಲು ಕೆಮ್ಮುತ್ತಿದ್ದೆ, ಈಗ ಅದನ್ನು ಬಿಟ್ಟಿದ್ದೇನೆ. ಬಂದರೆ ಬರಲಿ. ಸಿಂಕು ಅವಳಿಗೆ ಈಗ ತಗ್ಗಾಯಿತು, ಒಂದಿಷ್ಟು ಬಗ್ಗಿ ತೊಳೆಯಬೇಕಾಗುತ್ತದೆ. ಗೊಣಗುತ್ತಾಳೆ, ಗೊಣಗಲಿ. ಒರೆಸಿಡಲು ನಾನಿದ್ದೇನೆ.