ಉಡಿಯಲ್ಲಿ ಹೋದ ಖೋಲಿ

ಸವಳು ಮಣ್ಣಿನ ಮೇಲೆ ಮಳೆಯ ನಾಲ್ಕು ಹನಿ ಬಿದ್ದಾಗ ಏಳುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಹೊಸ ಗಡಿಗೆಗೆ ನೀರು ಹಾಕಿದಾಗ ಬರುವ ವಾಸನೆಗೆ ಚಿಟಿಕೆ ಉಪ್ಪು ಬೆರೆಸಿದಂತಿರುತ್ತದೆ ಅದು. ಈ ಸಲ ಮುಂಗಾರಿನ ಹೊತ್ತಿಗೆ ಕೊಪ್ಪಳದಿಂದ ಬಸ್ಸು ಹತ್ತಿ ಗಂಗಾವತಿಯ ನಮ್ಮ ತವರಿನ ಓಣಿಗೆ ಕಾಲಿಟ್ಟೆ ನೋಡಿ, ಅದೇ ವಾಸನೆ ಮೂಗಿಗೆ ಬಡಿಯಿತು. ತಲೆ ಎತ್ತಿದರೆ ಪಕ್ಕದ ಮನೆಯ ಕಮಲಿ, ಐವತ್ತು ದಾಟಿದ ಹೆಂಗಸು, ಸೀರೆ ಎತ್ತಿ ಕಟ್ಟಿ ಮಾಳಿಗೆಯ ಮೇಲೆ ಮಳೆಗೆ ಸೋರದಿರಲೆಂದು ಬುಟ್ಟಿಯಿಂದ ಸವಳು ಸುರಿದು ಹರವುತ್ತಿದ್ದಳು. ಓಣಿಯಲ್ಲಿ ಉಳಿದಿರುವ ಮಣ್ಣಿನ ಮಾಳಿಗೆ ಅದೊಂದೇ. ಉಳಿದವರೆಲ್ಲ ಎಂದೋ ಸಿಮೆಂಟು ಹಾಕಿಸಿಬಿಟ್ಟಿದ್ದಾರೆ. "ಓಣಿ ಕೆಡವಿ ಮಾಲ್ ಕಟ್ತಾರಂತ, ನೀ ಮತ್ಯಾಕ ಸವಳು ಹಾಕ್ತಿ?" ಎಂದು ಕೆಳಗಿನಿಂದಲೇ ಕೂಗಿದೆ. "ಮಾಲ್ ಮುಂದಿನ ವರ್ಷ ಗೌರಕ್ಕಾ, ಮಳಿ ಇವತ್ತ ಐತಲ್ಲ!" ಎಂದು ನಕ್ಕಳು.

ನಾನು ಚಿಕ್ಕವಳಿದ್ದಾಗ ಓಣಿಯ ಮಾಳಿಗೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಈ ತುದಿಯಲ್ಲಿ ಹತ್ತಿದರೆ ಆ ತುದಿಯಲ್ಲಿ ಇಳಿಯಬಹುದಿತ್ತು. ಮಳೆಗಾಲಕ್ಕೆ ಮುಂಚೆ ಎರಡು ದಿನ ಇಡೀ ಓಣಿಗೆ ಸವಳಿನ ಹಬ್ಬ. ಒಬ್ಬರ ಮಾಳಿಗೆ ಬಿಟ್ಟು ಇನ್ನೊಬ್ಬರದಕ್ಕೆ ಹಾಕಿದರೆ ಏನು ಉಪಯೋಗ, ನೀರಿಗೆ ಯಾರ ಮನೆ ಯಾವುದು ಎಂಬ ಲೆಕ್ಕ ಇರುತ್ತದೆಯೇ? ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ನಡುವಿಗೆ ಸೆರಗು ಸಿಕ್ಕಿಸಿ ನಿಂತಳೆಂದರೆ ಗಂಡಸರೂ ಎದುರು ಮಾತಾಡುತ್ತಿರಲಿಲ್ಲ. "ಅಲ್ಲಿ ತೆಳ್ಳಗ ಆತು, ಇಲ್ಲಿ ತಗ್ಗು ಬಿತ್ತು, ಏ ಮೂಳಾ, ಕಣ್ಣ ಎಲ್ಲಿಟ್ಟಿ?" ಎಂದು ಬೈಯುತ್ತಲೇ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಹಂಚುತ್ತಿದ್ದಳು. ಬೈಗಳು ಜಾಸ್ತಿ ತಿಂದವರಿಗೆ ಮಿರ್ಚಿಯೂ ಒಂದು ಜಾಸ್ತಿ. ನನಗಂತೂ ಎರಡೂ ಹೊಟ್ಟೆ ತುಂಬ ಸಿಗುತ್ತಿದ್ದವು. ಮನೆಯೊಳಗೆ ಹದಿನಾರು ಮಂದಿ, ಎರಡು ಎಮ್ಮೆ, ಪಡಸಾಲೆಯಲ್ಲಿ ಶೇಂಗಾ ಚೀಲ, ಚೀಲದ ಮೇಲೆ ಮಲಗಿದ ಮಕ್ಕಳು. ಬೆಳಕಿಂಡಿಯಿಂದ ಬೀಳುವ ಬಿಸಿಲಿನ ತುಂಡಿನಲ್ಲಿ ಆಯಿ ಕೂತು ನಮ್ಮ ತಲೆ ಬಾಚುವಾಗ ಇಡೀ ಮನೆ ಕೊಬ್ಬರಿ ಎಣ್ಣೆ ನಾರುತ್ತಿತ್ತು.

ಈಗ ಆ ಮನೆಯಲ್ಲಿ ಯಾರೂ ಇಲ್ಲ. ಅಪ್ಪ, ಕಾಕಾಗಳು ಬೇರೆಯಾಗಿ ಕಾಲುವೆಯಾಚೆಯ ಹೊಸ ಬಡಾವಣೆಗಳಿಗೆ ಹೋದರು. ಹಳೆಯ ಮನೆ ನಮ್ಮ ಅಪ್ಪನ ಪಾಲಿಗೆ ಬಂದು, ಆಮೇಲೆ ನನಗೂ ನನ್ನ ತಮ್ಮ ಬಸವರಾಜನಿಗೂ ಉಳಿಯಿತು. ಅದನ್ನು ತೌಡಿನ ಚೀಲ ಇಡಲು ಬಾಡಿಗೆಗೆ ಕೊಟ್ಟಿದ್ದೇವೆ. ಬಳ್ಳಾರಿ ಕಡೆಯ ಬಿಲ್ಡರ್ ಒಬ್ಬ ಇಡೀ ಓಣಿಯನ್ನೇ ಕೊಳ್ಳುತ್ತೇನೆಂದು ಬಂದಾಗ ಉಳಿದವರೆಲ್ಲ ಒಪ್ಪಿಬಿಟ್ಟಿದ್ದರು. ನಾಲ್ಕು ಅಂತಸ್ತಿನ ಮಾಲ್, ಕೆಳಗೆ ಗಾಡಿ ನಿಲ್ಲಿಸುವ ಜಾಗ, ನಿಂತಲ್ಲೇ ಮೇಲಕ್ಕೆ ಒಯ್ಯುವ ಮೆಟ್ಟಿಲು. ಓಣಿಯ ಒಳಗಿನ ಮನೆಗಳಿಗೆ ದುಡ್ಡು, ಬಜಾರ ರಸ್ತೆಗೆ ಮುಖ ಇರುವ ಜಾಗಕ್ಕೆ ದುಡ್ಡಿನ ಬದಲು ಮಾಲಿನ ಕೆಳ ಅಂತಸ್ತಿನಲ್ಲಿ ಒಂದು ಅಂಗಡಿ, ಇದು ಅವನ ಕರಾರು. ನಮ್ಮದು, ಕಮಲಿಯದು, ಈ ಎರಡು ಮನೆಗಳ ಸಾಲಿನಲ್ಲಿ ಬಜಾರಕ್ಕೆ ಮುಖ ಇರುವುದು ಒಂದೇ ಒಂದು ಕೋಣೆಗೆ, ನಮ್ಮ ಮಾತಿನಲ್ಲಿ ಖೋಲಿಗೆ. ಆ ಖೋಲಿಯಲ್ಲಿ ಕಮಲಿ ಮೂವತ್ತು ವರ್ಷದಿಂದ ಕುಬುಸ ಹೊಲಿಯುತ್ತಿದ್ದಾಳೆ. ಆದರೆ ಕಾಗದದಲ್ಲಿ ಅದು ನಮ್ಮದು. ಹೀಗೆ ಹೇಗಾಯಿತೆಂದು ನೀವು ಕೇಳಿದರೆ ನಾನು ಮತ್ತೆ ಆಯಿಯ ಹತ್ತಿರವೇ ಹೋಗಬೇಕು.

ಕಮಲಿಯ ತಾಯಿ ಶರಣವ್ವ ಎರಡು ಕೂಸು ಕಳಕೊಂಡವಳು. ಒಂದೇ ಖೋಲಿಯ ಮನೆ, ಅದರಲ್ಲೇ ಒಲೆ, ಅದರಲ್ಲೇ ಒಂಬತ್ತು ಮಂದಿ, ಹೊಗೆ. ಮೂರನೆಯ ಸಲ ಬಸುರಾದಾಗ ನಮ್ಮ ಆಯಿಯೇ ತನ್ನ ಮಗಳೆಂದು ಕರೆದು ಕುಬುಸದ ಕಾರ್ಯ, ಎಂದರೆ ಸೀಮಂತ, ಮಾಡಿದಳು. ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಮಡಿಲ ಸೆರಗಿನ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಹಾಕಿದಳು. ಎಲೆ ಅಡಿಕೆಯ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳು ಎಂಟು ವರ್ಷದ ನಾನು. ಎಲ್ಲ ಹಾಕಿದ ಮೇಲೆ ಆಯಿ ತನ್ನ ಸೊಂಟದಿಂದ ಬೀಗದ ಕೈಯೊಂದನ್ನು ಬಿಚ್ಚಿ ಅದನ್ನೂ ಉಡಿಗೆ ಹಾಕಿದಳು. "ಶರಣಿ, ನಮ್ಮ ಬಜಾರದ ಖೋಲಿ ನಿನ್ನ ಉಡಿಯಾಗ ಹಾಕೀನಿ. ಅಲ್ಲಿ ಗಾಳಿ ಐತಿ, ಬೆಳಕೈತಿ. ಅಲ್ಲೇ ಹಡಿ, ಅಲ್ಲೇ ಬಾಳೇವು ಮಾಡು. ಉಡಿಯಾಗಿಂದ ತಿರಗಿ ಬೇಡೋ ಮಂದಿ ನಾವಲ್ಲ." ಶರಣವ್ವ ಉಡಿ ಹಿಡಿದುಕೊಂಡೇ ಹೋ ಎಂದು ಅತ್ತಳು. ಹೆಂಗಸರೆಲ್ಲ ಅತ್ತರು. ಯಾಕೆಂದು ತಿಳಿಯದಿದ್ದರೂ ನಾನೂ ಅತ್ತೆ, ತಟ್ಟೆಯ ಅಡಿಕೆ ಚೆಲ್ಲಿದ್ದಕ್ಕೆ ಒಂದು ಏಟೂ ತಿಂದೆ.

ಆಯಿಯ ಕೆಲಸ ಎಂದರೆ ಇವತ್ತು ಹೇಳಿ ಇವತ್ತೇ ಮುಗಿಸುವುದು. ಅದೇ ಮಧ್ಯಾಹ್ನ ಗೌಂಡಿಯನ್ನು ಕರೆಸಿ ನಮ್ಮ ಕಡೆಯ ಬಾಗಿಲನ್ನು ಕಲ್ಲು ಮಣ್ಣಿನಿಂದ ಮುಚ್ಚಿಸಿ, ಶರಣವ್ವನ ಕಡೆಯ ಗೋಡೆ ಒಡೆಸಿದಳು. ಒಂದೇ ಒಂದು ಮರೆತಳು, ಅಜ್ಜನಿಗೆ ಹೇಳುವುದು. ಶೇಂಗಾ ವ್ಯಾಪಾರಕ್ಕೆಂದು ಕುಷ್ಟಗಿಗೆ ಹೋಗಿದ್ದ ಅಜ್ಜ ಸಂಜೆ ಬಂದವನೇ ಮುಖ ತೊಳೆದು, ರೂಢಿಯಂತೆ ಖೋಲಿಯತ್ತ ನಡೆದು, ಹಸಿ ಗೋಡೆಗೆ ಹಣೆ ಬಡಿಸಿಕೊಂಡ. ಹಣೆಯ ಮೇಲೆ ವಿಭೂತಿಯ ಬದಲು ಕೆಸರು. "ಇಲ್ಲೊಂದು ಖೋಲಿ ಇತ್ತಲ್ಲ, ಎಲ್ಲಿ ಹೋತು?" "ಉಡಿಯಾಗ ಹೋತು," ಎಂದಳು ಆಯಿ, ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ. "ಅದರಾಗ ನನ್ನ ಒಗದಿಟ್ಟ ರುಮಾಲು ಐತಲ್ಲ!" "ಹಂಗಾರ ಹೊರಗಿಂದ ಹಾಯ್ದು ಹೋಗಿ ಶರಣವ್ವನ್ನ ಕೇಳ್ರಿ. ಕೊಟ್ರ ತಗೊಂಡ ಬರ್ರಿ." ಪಾಪ, ಅಜ್ಜ ಬರಿತಲೆಯಲ್ಲಿ ಓಣಿ ಸುತ್ತಿ ಹೋಗಿ, ತನ್ನದೇ ಖೋಲಿಯ ಬಾಗಿಲಲ್ಲಿ ನಿಂತು ಕೆಮ್ಮಿ, ರುಮಾಲು ಬೇಡಿ ತಂದ. ನಾವು ಮಕ್ಕಳು ನಕ್ಕು ನಕ್ಕು ಉರುಳಾಡಿದೆವು. ಆಯಿಗೆ ಅವನು ಒಂದು ಮಾತೂ ಅನ್ನಲಿಲ್ಲ. ಉಡಿಗೆ ಬಿದ್ದದ್ದಕ್ಕೆ ಯಾವ ಗಂಡಸು ಏನು ಅಂದಾನು? ಕಾಗದ ಮಾಡಿಸಬೇಕೆಂಬ ವಿಚಾರ ಮಾತ್ರ ಇಬ್ಬರ ತಲೆಗೂ ಬರಲಿಲ್ಲ. ಮುಂದೆ ಎರಡು ತಿಂಗಳಿಗೆ ಆ ಖೋಲಿಯಲ್ಲಿ ಕಮಲಿ ಹುಟ್ಟಿದಳು. ನಡೆಯಲು ಕಲಿಯುವವರೆಗೂ ನನ್ನ ಸೊಂಟದ ಮೇಲೆಯೇ ಇದ್ದಳು.

ಈ ಸಲ ನಾನು ಬಂದದ್ದು ಬಿಲ್ಡರನ ಕಾಗದಕ್ಕೆ ರುಜು ಮಾಡಲು. ತೌಡಿನ ಚೀಲ ಸರಿಸಿ ನಮ್ಮ ಪಡಸಾಲೆಯಲ್ಲೇ ಜಮಖಾನ ಹಾಸಿದ್ದರು. ಬಿಲ್ಡರನ ಕಡೆಯ ಎಂಜಿನಿಯರ್ ನಕಾಶೆ ಬಿಚ್ಚಿದ. ಬಸವರಾಜ ಬಜಾರದ ಖೋಲಿಯ ಮೇಲೆ ಬೆರಳಿಟ್ಟು, "ಇದು ನಮ್ಮದು. ಅವರಿಗೆ ಇರಾಕ ಕೊಟ್ಟಿದ್ದು," ಎಂದ. ಮಗನಿಗೊಂದು ಮೊಬೈಲ್ ಅಂಗಡಿ ಹಾಕಿಕೊಡುವ ಆಸೆ ಅವನಿಗೆ. ಕೆಟ್ಟವನಲ್ಲ ನನ್ನ ತಮ್ಮ, ಕಾಗದ ಓದಿದವನು. ಕಮಲಿ ಬಾಗಿಲಲ್ಲಿ ನಿಂತಿದ್ದಳು. ನಾನು ಉಡಿಯ ಕಥೆ ಹೇಳಿದೆ. "ಅಕ್ಕಾ, ಉಡಿಗೆ ರಿಜಿಸ್ಟ್ರಿ ಐತೇನು?" ಎಂದು ತಮ್ಮ ನಕ್ಕ. ಎಂಜಿನಿಯರ್ ಮಾತ್ರ ಗಂಭೀರವಾದ. "ನೋಡ್ರಿ ಅಮ್ಮಾರ, ಈ ಮೂಲಿ ಇಲ್ದ ಮಾಲ್ ಆಗಂಗಿಲ್ಲ. ತಕರಾರು ಇದ್ರ ನಮ್ಮ ಸಾಹೇಬ್ರು ಇಡೀ ಓಣೀನ ಬಿಟ್ಟು ಹೋಗ್ತಾರ."

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಮಾತು ಕೇಳಿ ನನ್ನ ಎದೆ ಖುಷಿಯಿಂದ ಜಿಗಿಯಿತು. ಈ ಜಗಳ ಹೀಗೇ ಬೆಳೆಯಲಿ, ಕೋರ್ಟಿಗೆ ಹೋಗಲಿ, ಹತ್ತು ವರ್ಷ ಹಿಡಿಯಲಿ! ಬೆಳಕಿಂಡಿ ಉಳಿಯುತ್ತದೆ, ಪಡಸಾಲೆ ಉಳಿಯುತ್ತದೆ, ವರ್ಷಕ್ಕೊಮ್ಮೆ ಬಂದು ಈ ಕಂಬಕ್ಕೆ ಒರಗಿ ಕೂರಬಹುದು. ನಾನು ಸುಮ್ಮನಿದ್ದರೆ ಸಾಕು. ಎದ್ದು ಕಮಲಿಯ ಹತ್ತಿರ ಹೋಗಿ ಮೆಲ್ಲಗೆ, "ಮಾಲ್ ಬ್ಯಾಡ ಬಿಡವ್ವ, ಮನಿ ಉಳೀತೈತಿ," ಎಂದೆ. ಅವಳಿಗೆ ಸಿಟ್ಟು ಬಂತು. "ನಿನಗ ಮನಿ ನೆನಪಿಗೆ ಬೇಕು ಗೌರಕ್ಕಾ, ಕೊಪ್ಪಳದಾಗ ಕುಂತು ನೆನಸಾಕ. ಸೋರೋದು ನನ್ನ ತಲಿ ಮ್ಯಾಲ. ಮಣಕಾಲು ಹಿಡಕೊಂಡು ನಿಚ್ಚಣಿಕಿ ಹತ್ತಿ ಸವಳು ಹಾಕಾಕಿ ನಾನು. ನನಗ ಗಾಜಿನ ಬಾಗಲದ ಅಂಗಡಿ ಬೇಕು. ಅವ್ವನ ಹೆಸರಿನ ಬೋರ್ಡು ಬೇಕು. ಕುಂತು ಹೊಲಿಯಾಕ ಬಿಸಲು ಬಡೀದ ಜಾಗ ಬೇಕು. ಇಷ್ಟ ಕೇಳಿದ್ರ ತಪ್ಪೇನು?"

ಕಪಾಳಕ್ಕೆ ಹೊಡೆದಂತಾಯಿತು. ಆಯಿ ಆ ಖೋಲಿ ಕೊಟ್ಟದ್ದು ಶರಣವ್ವ ಚೆನ್ನಾಗಿ ಬಾಳಲಿ ಎಂದು. ನನ್ನಂಥವಳು ಬಂದು ಕಂಬಕ್ಕೆ ಒರಗಲಿ ಎಂದಲ್ಲ. ತಿರುಗಿ ತಮ್ಮನ ಎದುರು ಕೂತೆ. "ಬಸ್ಯಾ, ಮುಂದಿನ ಸೋಮವಾರ ನಿನ್ನ ಮಗಳ ಕುಬುಸ ಐತಿ. ಆಕಿ ಉಡಿಯಾಗಿಂದ ಯಾರರ ಒಂದು ಕೊಬ್ಬರಿ ಬಟ್ಟಲಾ ತಿರಗಿ ತಗೊಂಡ್ರ, ಕಾಗದ ಇಲ್ಲ ಅಂತ ಸುಮ್ನ ಇರ್ತೀಯೇನು?" ತಮ್ಮ ನಕಾಶೆ ನೋಡಿದ, ನನ್ನ ನೋಡಿದ, ಕಮಲಿಯನ್ನು ನೋಡಿದ. ಹಣೆ ತಿಕ್ಕಿಕೊಂಡ. "ಆಯಿ ಸತ್ತು ಮೂವತ್ತ ವರ್ಷ ಆತು, ಇನ್ನೂ ಬೈತಾಳಲ್ಲೋ ನಮ್ಮನ್ನ!" ಎಂದು ಪೆನ್ನು ತೆಗೆದ. ಖೋಲಿ ಕಮಲಿಯದೆಂದು ಬರೆದು ಅವನು ರುಜು ಹಾಕಿದ, ನಾನೂ ಹಾಕಿದೆ. ಮನೆ ಮಾರುವ ಕಾಗದಕ್ಕೂ ಹಾಕಿದೆ.

"ಇನ್ನ ಯಾವ ತಕರಾರೂ ಇಲ್ಲ. ದೀಪಾವಳಿ ಮುಗದ ಮ್ಯಾಲ ಕೆಡವಾಕ ಶುರು," ಎಂದು ಎಂಜಿನಿಯರ್ ನಕಾಶೆ ಸುತ್ತಿದ. ಅಜ್ಜನ ಕಾಲದಿಂದ ಎಷ್ಟು ಮಳೆಗೂ ಬೀಳದ ಮನೆ ನನ್ನ ಒಂದು ರುಜುವಿಗೆ ಬಿತ್ತು. ಕಣ್ಣು ತುಂಬಿ ಬಂದವು. ಕಮಲಿ ಓಡಿ ಬಂದು ಸೆರಗಿನಿಂದ ನನ್ನ ಮುಖ ಒರೆಸಿ, "ಯಾಕ ಅಳ್ತಿ ಗೌರಕ್ಕಾ? ಕೊಟ್ಟು ತಪ್ಪ ಮಾಡಿದೆ ಅನಸ್ತೇನು?" ಎಂದು ಹೆದರಿ ಕೇಳಿದಳು. "ಇಲ್ಲವ್ವ, ಛಲೋ ಆತು," ಎಂದೆ. ಮನಸಾರೆ ಹೇಳಿದ ಮಾತದು. ಅಳು ಮಾತ್ರ ನಿಲ್ಲಲಿಲ್ಲ.